ಹನ್ನೆರಡನೇ ಸಾಲಿನವರು

ಟಿವಿ ಪರದೆಯಲ್ಲಿ ಹಿಂದಿನ ಗ್ಯಾಲರಿ ತುಂಬಿ ತುಳುಕುತ್ತಿತ್ತು. ಕಾರ್ ರೇಸ್ ಮೈದಾನದ ಟಿಕೆಟ್ ವಿಭಾಗದ ಮುಖ್ಯಸ್ಥ ಕರ್ಟ್ ಆಸ್ಟ್ರಾಂಡರ್ ತನ್ನ ಕಚೇರಿಯಲ್ಲಿ ನಿಂತು ಅದನ್ನು ಕಣ್ತುಂಬ ನೋಡಿದ. ಆಮೇಲೆ ಕಿಟಕಿಯಿಂದ ಅದೇ ಗ್ಯಾಲರಿಯನ್ನು ನೋಡಿದ. ಅಲ್ಲಿ ಕಂಡದ್ದೇ ಬೇರೆ. ಒಬ್ಬೊಬ್ಬರ ಮಧ್ಯೆ ಒಂದೊಂದು ಸೀಟು ಖಾಲಿ, ಖಾಲಿ ಸೀಟುಗಳಿಗೆಲ್ಲ ಕೆಂಪು, ಹಳದಿ, ನೀಲಿ ಬಣ್ಣ. ದೂರದ ಕ್ಯಾಮೆರಾಗೆ ಬಣ್ಣ ಬಳಿದ ಸೀಟೂ ಒಂದೇ, ಬಣ್ಣದ ಅಂಗಿ ತೊಟ್ಟ ಮನುಷ್ಯನೂ ಒಂದೇ. ಈ ಉಪಾಯ ಕರ್ಟ್‌ನದೇ.

ಬೇರೆ ದಾರಿ ಇರಲಿಲ್ಲವೆಂದು ಅವನು ಬೇಸಿಗೆಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಅಮೆರಿಕದ ಇಂಡಿಯಾನಾದ ಜೋಳದ ಹೊಲಗಳ ನಡುವಿನ ಈ ಸ್ಟೋವರ್ ಓವಲ್ ಎಂಬ ಮೈದಾನದಲ್ಲಿ ಒಂದು ಕಾಲಕ್ಕೆ ನಿಲ್ಲುವುದಕ್ಕೂ ಜಾಗ ಸಿಗುತ್ತಿರಲಿಲ್ಲ. ಚಕ್ರಗಳನ್ನು ಮುಚ್ಚದೆ ಹೊರಗೇ ಬಿಟ್ಟ, ನೆಲ ಸವರಿಕೊಂಡು ಓಡುವ ಆ ಕಾರುಗಳನ್ನು ನೋಡಲು ಸುತ್ತಲಿನ ಊರುಗಳೆಲ್ಲ ಖಾಲಿಯಾಗುತ್ತಿದ್ದವು. ಆಮೇಲೆ ರೇಸ್ ನಡೆಸುವ ದೊಡ್ಡ ಮನುಷ್ಯರು ಜಗಳವಾಡಿ ಎರಡು ಪಂಗಡವಾದರು. ಯಾವ ಚಾಲಕ ಯಾರ ಕಡೆ, ಯಾವ ರೇಸು ಅಸಲಿ ಎಂದು ತಿಳಿಯದೆ ಜನ ರೋಸಿಹೋಗಿ, ಮೈತುಂಬ ತಗಡು ಹೊದ್ದ ಕಾರುಗಳ ರೇಸಿನ ಕಡೆ ನಡೆದರು. ಎಷ್ಟೋ ವರ್ಷಗಳ ಮೇಲೆ ದೊಡ್ಡವರು ರಾಜಿಯಾದರು. ಜನ ರಾಜಿಯಾಗಲಿಲ್ಲ. ಹೋದವರನ್ನು ಕರೆತರಲು ಪಟಾಕಿ ಹಾರಿಸಿದ್ದಾಯಿತು, ಹಾಡುಗಾರರನ್ನು ಕರೆಸಿದ್ದಾಯಿತು, ಮಕ್ಕಳನ್ನು ಪುಕ್ಕಟೆ ಒಳಗೆ ಬಿಟ್ಟದ್ದೂ ಆಯಿತು. ಕೊನೆಗೆ ರೇಸ್ ಸರಣಿ ನಡೆಸುವವರ ಕಡೆಯಿಂದ ಪ್ರೆಸ್ಕಾಟ್ ಎಂಬಾತ ಬಂದು ಮುಖಕ್ಕೆ ಹೊಡೆದಂತೆ ಹೇಳಿದ್ದ: "ಟಿವಿಲಿ ಗ್ಯಾಲರಿ ಖಾಲಿ ಕಂಡ್ರೆ ಮುಂದಿನ ವರ್ಷ ನಿಮ್ಗೆ ರೇಸ್ ಇಲ್ಲ."

ಕ್ಯಾಮೆರಾ ಇರುವುದು ಮುಂದಿನ ಗ್ಯಾಲರಿಯ ಮಾಡಿನ ಮೇಲೆ. ಅದರ ಕಣ್ಣಿಗೆ ಬೀಳುವುದು ಟ್ರ್ಯಾಕಿನ ಆಚೆಯ ಹಿಂದಿನ ಗ್ಯಾಲರಿ. ಹಾಗಾಗಿ ಕರ್ಟ್ ಮುಂದಿನ ಗ್ಯಾಲರಿಯವರನ್ನೆಲ್ಲ ಎಬ್ಬಿಸಿ ಹಿಂದಕ್ಕೆ ಸಾಗಿಸಿದ. ಪ್ರತಿ ಟಿಕೆಟ್ಟಿಗೂ ಕಂಪ್ಯೂಟರ್ ಹೊಸ ಸೀಟು ಹಂಚಿತು. ಬೇಜಾರು ಮಾಡಿಕೊಳ್ಳದಿರಲಿ ಎಂದು ತಲೆಗೊಂದು ಹಂದಿಮಾಂಸದ ಸ್ಯಾಂಡ್‌ವಿಚ್ ಪುಕ್ಕಟೆ. ಖಾಲಿಯಾದ ಮುಂದಿನ ಸಾಲುಗಳಿಗೆ ಜಾಹೀರಾತಿನ ದೊಡ್ಡ ಟಾರ್ಪಾಲು.

ಇದರಲ್ಲಿ ಒಂದು ತಪ್ಪಿತ್ತು. ಆ ತಪ್ಪು ಹೊರಗಿನವರಿಗೆ ತಿಳಿಯುವಂಥದಲ್ಲ, ಕರ್ಟ್‌ನಂಥ ಒಳಗಿನವನಿಗೆ ತಿಳಿಯದೆ ಇರುವಂಥದೂ ಅಲ್ಲ. ಸ್ಟೋವರ್‌ನಲ್ಲಿ ಸೀಟು ಎಂದರೆ ಮನೆತನದ ಆಸ್ತಿ. ಅಜ್ಜನ ಹೆಸರಿನ ಸೀಟನ್ನು ಅಜ್ಜ ಸತ್ತರೂ ಅಜ್ಜನ ಹೆಸರಿನಲ್ಲೇ ಇಟ್ಟುಕೊಳ್ಳುತ್ತಾರೆ. ಹೆಸರು ಬದಲಾಯಿಸಲು ಹೋದರೆ ಎಲ್ಲಿ ಕೈತಪ್ಪುತ್ತದೋ ಎಂಬ ಭಯ. ಅಕ್ಕಪಕ್ಕದ ಸೀಟಿನವರಿಗೆ 'ಸಾಲಿನವರು' ಎಂದು ಹೆಸರು. ವರ್ಷಕ್ಕೊಮ್ಮೆ, ಆಗಸ್ಟಿನ ಈ ಒಂದು ದಿನ, ಅವರು ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ, ಒಬ್ಬರ ಮಗುವನ್ನು ಇನ್ನೊಬ್ಬರು ಆಡಿಸುತ್ತಾರೆ. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ, ಫೋನ್ ಗೊತ್ತಿಲ್ಲ, ಮನೆತನದ ಹೆಸರು ಕೇಳಿದರೆ ಬೆಬ್ಬೆಬ್ಬೆ ಎನ್ನುತ್ತಾರೆ. ಕೇಳಬೇಕಾದ ಪ್ರಮೇಯವೇ ಬಂದಿರಲಿಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ಸಿಗುತ್ತಾರಲ್ಲ! ಯಾರಾದರೂ ಬರದೇ ಹೋದರೆ 'ಸೀಟು ಬಿಟ್ಟರು' ಎನ್ನುತ್ತಾರೆ. ಸತ್ತವರಿಗೂ ಅದೇ ಮಾತು, ಸಂಬಂಧ ಸಾಕೆಂದು ಎದ್ದು ಹೋದವರಿಗೂ ಅದೇ ಮಾತು.

ಕರ್ಟ್ ಬೆಳೆದದ್ದೇ ಅಂಥ ಒಂದು ಸಾಲಿನಲ್ಲಿ. ಅವನ ತಾಯಿ ಸೀಟು ಬಿಟ್ಟ ವರ್ಷ ಸಾಲಿಗೆ ಸಾಲೇ ಗೌರವದಿಂದ ಎದ್ದು ನಿಂತಿತ್ತು. ಇದೆಲ್ಲ ಗೊತ್ತಿದ್ದೂ ಅವನು ಕಂಪ್ಯೂಟರಿನ ಗುಂಡಿ ಒತ್ತಿದ್ದ, ಕಾಳು ಚೆಲ್ಲಿದಂತೆ ಸಾಲಿನವರನ್ನು ಚೆಲ್ಲಿದ್ದ.

ಬಾಗಿಲು ತಟ್ಟಿದ ಸದ್ದಾಯಿತು. ಹಿಟ್ಟಿನಂತೆ ಬೆಳ್ಳಗಿನ ಕೂದಲಿನ, ತುಟಿಗೆ ಬಣ್ಣ ಹಚ್ಚಿಕೊಂಡ ಹೆಂಗಸು ಒಳಗೆ ಬಂದಳು. ನಡೀನ್. ಮುಂದಿನ ಗ್ಯಾಲರಿಯ ಹನ್ನೆರಡನೇ ಸಾಲಿನವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಕರ್ಟ್ ಚಡ್ಡಿ ಹಾಕಿಕೊಂಡು ಮೆಟ್ಟಿಲು ಹತ್ತಿಳಿಯುತ್ತಿದ್ದಾಗಿನಿಂದ ಅವನನ್ನು ಬಲ್ಲಳು.

"ಏನಪ್ಪಾ ಕರ್ಟ್, ನಮ್ಮನ್ನೆಲ್ಲ ಹಿಂಗೆ ದಿಕ್ಕಾಪಾಲು ಮಾಡಿದೀಯಲ್ಲ! ನನ್ನ ಪಕ್ಕದಲ್ಲಿ ಯಾರೋ ಹುಡುಗ ಕೂತವ್ನೆ, ಕಿವಿಗೆ ಏನೋ ಸಿಗಿಸ್ಕೊಂಡು. ಮಾತಾಡಿದ್ರೆ ಹ್ಞಾಂ ಅನ್ನಲ್ಲ, ಹೂಂ ಅನ್ನಲ್ಲ."

"ಈ ಒಂದು ವರ್ಷ ಸುಧಾರಿಸ್ಕೊಳ್ಳಿ ನಡೀನಮ್ಮ."

"ಸುಧಾರಿಸ್ಕೋತೀನಿ ಬಿಡು. ವೆಂಡೆಲ್‌ನ ಎಲ್ಲಿ ಕೂರಿಸಿದೀಯಾ, ಅದನ್ನ ಹೇಳು ಸಾಕು."

"ಯಾವ ವೆಂಡೆಲ್?"

"ನಮ್ಮ ಸಾಲಿನ ವೆಂಡೆಲ್ ಕಣೋ! ಉದ್ದಕ್ಕಿದಾರಲ್ಲ, ಡಬ್ಬಿಲಿ ಕರಿದ ಕೋಳಿ ತರ್ತಾರಲ್ಲ."

ಕರ್ಟ್ ಕಂಪ್ಯೂಟರಿನಲ್ಲಿ ನೋಡಿದ. ಹೊಸ ಸೀಟು ಹಂಚುವಾಗ ಹಳೆಯ ಸಾಲುಗಳ ಪಟ್ಟಿ ಅಳಿಸಿಹೋಗಿತ್ತು, ಉಳಿದ ಹೆಸರುಗಳಲ್ಲಿ ವೆಂಡೆಲ್ ಎಂಬ ಹೆಸರೇ ಇರಲಿಲ್ಲ.

"ಹೆಂಗಿರತ್ತೆ? ಅದು ಅವರ ಚಿಕ್ಕಪ್ಪನ ಸೀಟು," ಎಂದಳು ನಡೀನ್. "ಚಿಕ್ಕಪ್ಪನ ಹೆಸರು ನಂಗೇನು ಗೊತ್ತು? ನಾನು ಬರೋ ಹೊತ್ತಿಗೇ ಆತ ಸೀಟು ಬಿಟ್ಟಿದ್ದ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಕೂತವಳ ಕೆನ್ನೆ ಕೆಂಪಾಯಿತು.

"ನಗಬೇಡ. ಹೋದ ವರ್ಷ ರೇಸ್ ಮುಗಿಯೋ ಹೊತ್ತಲ್ಲಿ ಆ ಮನುಷ್ಯ ನನ್ನ ಕೇಳಿದ್ರು, 'ನಡೀನ್, ವರ್ಷಕ್ಕೊಂದೇ ದಿನ ಜೊತೆಗೆ ಊಟ ಮಾಡೋದು ಯಾಕೆ? ದಿನಾ ಮಾಡಬಾರ್ದಾ?' ಅಂತ. ನಂಗೆ ಗಾಬರಿ ಆಗೋಯ್ತು. ಈ ವಯಸ್ಸಲ್ಲಿ! 'ಮುಂದಿನ ವರ್ಷ ಹೇಳ್ತೀನಿ' ಅಂದ್ಬಿಟ್ಟೆ. 'ಸರಿ, ನೀನು ಸೀಟು ಬಿಟ್ರೆ ಬೇಡ ಅಂತ ಅರ್ಥ ಮಾಡ್ಕೋತೀನಿ' ಅಂದ್ರು. ವರ್ಷವೆಲ್ಲ ಯೋಚನೆ ಮಾಡಿದೀನಿ. ಇವತ್ತು ಹೂಂ ಅನ್ನಬೇಕು. ಮೈಕಲ್ಲಿ ಕೂಗಿಸು ಮಾರಾಯ, ಹನ್ನೆರಡನೇ ಸಾಲಿನ ವೆಂಡೆಲ್ ಇಲ್ಲಿಗೆ ಬರಲಿ ಅಂತ."

ಅಷ್ಟೇ ತಾನೆ. ಮೈಕು ಪಕ್ಕದ ಕೋಣೆಯಲ್ಲೇ ಇತ್ತು. ಆದರೆ ಅದೇ ಕೋಣೆಯಲ್ಲಿ ಪ್ರೆಸ್ಕಾಟ್ ಕಾಫಿ ಹಿಡಿದು ನಿಂತಿದ್ದ. ಒಬ್ಬರನ್ನು ಸಾಲಿನ ಹೆಸರು ಹಿಡಿದು ಕೂಗಿದರೆ ಉಳಿದವರೆಲ್ಲ ತಮ್ಮ ತಮ್ಮ ಸಾಲು ನೆನೆದು ಎದ್ದಾರು, ನೇರ ಪ್ರಸಾರದಲ್ಲೇ ಹಿಂದಿನ ಗ್ಯಾಲರಿ ಕದಡಿಹೋದೀತು. 

"ರೇಸ್ ಮುಗೀಲಿ, ಕೂಗಿಸ್ತೀನಿ," ಎಂದ ಕರ್ಟ್.

"ಮುಗಿದ ಮೇಲೆ ಯಾರು ನಿಂತಿರ್ತಾರಪ್ಪ?"

"ಇರ್ತಾರೆ. ನಾನೇ ಹುಡುಕಿಸ್ತೀನಿ. ನನ್ನ ಮಾತು ನಂಬಿ."

ಅವಳು ನಂಬಿದಳು. ಚಡ್ಡಿ ಹಾಕಿಕೊಂಡಾಗಿನಿಂದ ಬಲ್ಲ ಹುಡುಗನನ್ನು ನಂಬದೆ ಏನು ಮಾಡುತ್ತಾಳೆ? ಹೊಸ ಸೀಟಿಗೆ ಹೋಗುವುದಿಲ್ಲವೆಂದು ಹಟ ಹಿಡಿದು ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಳು.

ರೇಸ್ ಶುರುವಿನ ಹಸಿರು ಬಾವುಟ ಬಿತ್ತು. ಕಾರುಗಳ ಕಿರುಚಾಟಕ್ಕೆ ಕಿಟಕಿಯ ಗಾಜು ನಡುಗಿತು. ಕರ್ಟ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದಿನ ಗ್ಯಾಲರಿಯಲ್ಲಿ ಸುತ್ತಾಡಿ ಉದ್ದನೆಯ ಮುದುಕರನ್ನೆಲ್ಲ ತಡೆದು ಹೆಸರು ಕೇಳಿದ. ಯಾರೂ ವೆಂಡೆಲ್ ಅಲ್ಲ. ಕೊನೆಗೆ ಮುಂದಿನ ಗೇಟಿಗೆ ಬಂದ. ಅಲ್ಲಿ ಕಾವಲಿದ್ದವನು ಲೆಸ್ಟರ್, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಬಾಯಿ ಸುಮ್ಮನಿರದ ಮನುಷ್ಯ.

"ಕೋಳಿ ಡಬ್ಬಿ ಹಿಡ್ಕೊಂಡು ಬಂದಿದ್ರಲ್ಲ, ಅವರಾ?" ಎಂದ ಲೆಸ್ಟರ್. "ಬೆಳಿಗ್ಗೆನೇ ಬಂದಿದ್ರು. ಸೀಟು ಬದಲಾದದ್ದು ಗೊತ್ತೇ ಇರ್ಲಿಲ್ಲ ಪಾಪ. ನಿಮ್ಮ ಇಮೇಲು ಹೋಗಿರೋದು ಯಾರಿಗೆ, ಸತ್ತಿರೋ ಚಿಕ್ಕಪ್ಪನಿಗೆ! ಸ್ವರ್ಗದಲ್ಲಿ ಓದ್ಕೊಂಡಿರ್ಬೇಕು ಆತ."

"ಆಮೇಲೆ?"

"ಟಾರ್ಪಾಲು ನೋಡ್ಕೊಂಡು ನಿಂತ್ರು. 'ಹನ್ನೆರಡನೇ ಸಾಲು ಯಾಕೆ ಮುಚ್ಚಿದೀರಾ?' ಅಂದ್ರು. ನೀವು ಕಲಿಸಿದ್ದನ್ನೇ ಹೇಳಿದೆ, 'ಸೀಟು ಬಿಟ್ಟವರ ಸಾಲು ಮುಚ್ಚಿದೀವಿ' ಅಂತ."

 ಆ ಮಾತು ಕರ್ಟ್ ತಾನೇ ಕಟ್ಟಿದ್ದು. ನಮ್ಮ ಸಾಲನ್ನು ಯಾಕೆ ಮುಚ್ಚಿದಿರಿ ಎಂದು ಜನ ತನ್ನ ಮೇಲೆ ಏರಿ ಬರದಿರಲಿ, ಬೈಗುಳವೇನಿದ್ದರೂ ಬರದೇ ಹೋದವರ ತಲೆಗೆ ಕಟ್ಟೋಣ ಎಂದು ಗೇಟಿನವರಿಗೆಲ್ಲ ಬಾಯಿಪಾಠ ಮಾಡಿಸಿದ್ದ.

"ಪಕ್ಕದ ಹೆಂಗಸೂ ಬಿಟ್ರಾ ಅಂತ ಕೇಳಿದ್ರು," ಲೆಸ್ಟರ್ ಮುಂದುವರಿಸಿದ. "ಮುಚ್ಚಿದೆ ಅಂದ್ಮೇಲೆ ಬಿಟ್ಟಿರ್ಬೇಕು ಅಂದೆ. ತಪ್ಪಾಯ್ತಾ?"

"ಹಿಂದಕ್ಕೆ ಕಳಿಸ್ಲಿಲ್ವಾ?"

"ಸ್ಯಾಂಡ್‌ವಿಚ್ ಚೀಟಿ ಕೊಟ್ಟು ದಾರಿ ತೋರಿಸ್ದೆ. ಬೇಡ ಅಂದ್ರು. ಅಗೋ, ಅಲ್ಲಿ ತಮ್ಮ ಗಾಡಿ ಹತ್ರ ನಿಂತಿದ್ರು ಬಹಳ ಹೊತ್ತು. ಒಳಗಡೆ ಮೈಕಲ್ಲಿ ಏನಾದ್ರೂ ಅಂದಾಗೆಲ್ಲ ತಲೆ ಎತ್ತಿ ಕೇಳ್ತಿದ್ರು. ಹಸಿರು ಬಾವುಟ ಬಿತ್ತು, ಹತ್ತಿ ಹೊರಟುಹೋದ್ರು."

ನಡೀನ್ ಕೇಳಿದಾಗಲೇ ಕೂಗಿಸಿದ್ದರೆ ಅವರ ಕಿವಿಗೆ ಬೀಳುತ್ತಿತ್ತು. ಕರ್ಟ್ ಗೇಟಿನ ಕಂಬಿ ಹಿಡಿದು ನಿಂತ.  ಕೇಳುವುದಕ್ಕೆ ಮನುಷ್ಯ ಕಾದು ನಿಂತಿದ್ದ, ಹೇಳುವುದಕ್ಕೆ ಹೆಂಗಸು ಬಂದು ಕೂತಿದ್ದಳು. ನಡುವೆ ನಿಂತವನು ತಾನು, ಟಿವಿಯವರ ಮುಖ ನೋಡಿಕೊಂಡು.

ರೇಸು ಮುಗಿಯಿತು. ಬೆಂಚಿನ ಹತ್ತಿರ ಬಂದಾಗ, ಅವರು ಬರಲೇ ಇಲ್ಲ ಎಂದುಬಿಡೋಣವೆಂದು ಕರ್ಟ್‌ಗೆ ಅನ್ನಿಸಿತು. ಅವಳು ನಾಲ್ಕು ದಿನ ಬೇಸರಪಟ್ಟು ಮರೆಯುತ್ತಾಳೆ, ತಾನೂ ಪಾರಾಗುತ್ತೇನೆ. ಆದರೆ ನಡೀನ್ ತುಟಿಯ ಬಣ್ಣವನ್ನು ಹೊಸದಾಗಿ ಹಚ್ಚಿಕೊಂಡಿದ್ದಳು. ಅದನ್ನು ನೋಡಿ ಸುಳ್ಳು ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ. ಕಲಿಸಿದ ಮಾತನ್ನೂ ಬಿಡಲಿಲ್ಲ.



"ಹಂಗಾದ್ರೆ ನನ್ನ ಉತ್ತರ ನೀನೇ ಕೊಟ್ಬಿಟ್ಟೆ," ಎಂದಳು ನಡೀನ್.

"ಹುಡುಕ್ತೀನಿ ನಡೀನಮ್ಮ. ಎಲ್ಲಿದ್ರೂ ಹುಡುಕ್ತೀನಿ."

"ಯಾವ ಹೆಸರು ಹಿಡಿದು ಹುಡುಕ್ತೀಯಾ?"

 ಪಕ್ಕದ ಕೋಣೆಯಿಂದ ಪ್ರೆಸ್ಕಾಟ್ ಹಲ್ಲು ಕಿರಿಯುತ್ತ ಹೊರಗೆ ಬಂದು ಅವನ ಬೆನ್ನು ತಟ್ಟಿದ. "ಶಹಬ್ಬಾಸ್! ಒಂದು ಸೀಟೂ ಖಾಲಿ ಕಾಣ್ಲಿಲ್ಲ ಕಣ್ರೀ. ಮುಂದಿನ ವರ್ಷ ರೇಸ್ ನಿಮ್ಮದೇ."

ಕರ್ಟ್ ಆ ಕೈಯನ್ನು ಸರಿಸಿ ಒಳಗೆ ಹೋಗಿ ಮೈಕು ಕಿತ್ತುಕೊಂಡ. ಗೆದ್ದವನು ಟಿವಿಯವರೊಂದಿಗೆ ಇನ್ನೂ ಮಾತಾಡುತ್ತಿದ್ದ, ಜನ ಮೆಟ್ಟಿಲಿಳಿಯುತ್ತಿದ್ದರು.

"ಹನ್ನೆರಡನೇ ಸಾಲಿನ ವೆಂಡೆಲ್ ಅವರೇ," ಎಂದ.  "ನಡೀನ್ ಸೀಟು ಬಿಟ್ಟಿಲ್ಲ. ಯಾರೂ ಸೀಟು ಬಿಟ್ಟಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು. ಸಾಲುಗಳನ್ನ ಒಡೆದದ್ದೂ ನಾನೇ."

"ಇನ್ನೊಂದ್ಸಲ ಹೇಳು," ಎಂದಳು ನಡೀನ್ ಬಾಗಿಲಲ್ಲಿ ನಿಂತು.

ಮತ್ತೆ ಹೇಳಿದ. ಹೊರಗೆ ಇಳಿಯುತ್ತಿದ್ದ ಜನ ನಿಂತರು. ನಿಂತವರು ಪರಸ್ಪರ ಮುಖ ನೋಡಿಕೊಂಡರು. ಮನೆ ಕಡೆ ಹೋಗಬೇಕಾದವರು ಕಚೇರಿಯ ಕಡೆ ತಿರುಗಿದರು. ಪ್ರೆಸ್ಕಾಟ್ "ಇನ್ನೂ ಪ್ರಸಾರ ಆಗ್ತಾ ಇದೆ ಕಣ್ರೀ, ಇದೆಲ್ಲ ಟಿವಿಲಿ ಕೇಳ್ಸುತ್ತೆ!" ಎಂದು ಕೂಗಾಡಿದ. ಯಾರೂ ಅವನತ್ತ ತಿರುಗಲಿಲ್ಲ.

ಮೊದಲು ಬಂದವನು ಕೋಲೂರಿಕೊಂಡ ಮುದುಕ. ಕರ್ಟ್ ಮೈಕು ಹಿಡಿದೇ ಕೇಳಿದ, "ಯಾರನ್ನ ಕರೀಬೇಕು? ಹೆಸರು ಹೇಳಿ."

"ಹೆಸರು ಗೊತ್ತಿಲ್ಲಪ್ಪ," ಎಂದ ಮುದುಕ. "ಒಂಬತ್ತನೇ ಸಾಲು. ಯಾವಾಗ್ಲೂ ನನ್ನ ಎಡಕ್ಕೆ ಕೂರ್ತಿದ್ರು."

ಅವನ ಹಿಂದೆ ನಿಂತವರ ಸಾಲು ಮೆಟ್ಟಿಲು ದಾಟಿ, ಗೇಟು ದಾಟಿ ಬೆಳೆಯುತ್ತಲೇ ಇತ್ತು.