ತಪ್ಪಿಲ್ಲದ ಅರ್ಜಿ

ನನ್ನ ಚಿಕ್ಕಮ್ಮನ ಅರ್ಜಿ ತಿರಸ್ಕಾರವಾದದ್ದು ಅದರಲ್ಲಿ ಒಂದೂ ತಪ್ಪಿಲ್ಲ ಎಂಬ ಕಾರಣಕ್ಕೆ. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗುವವರಿಗೆ ನಾನು ಆ ಪತ್ರವನ್ನೇ ತೋರಿಸುತ್ತೇನೆ. ಮೇಲೆ ಆಸ್ಪತ್ರೆಯ ಮೊಹರು, ಕೆಳಗೆ ಆಡಳಿತಾಧಿಕಾರಿಯ ರುಜು, ನಡುವೆ ಈ ಒಕ್ಕಣೆ: ಅರ್ಜಿಯ ಇಂಗ್ಲಿಷ್ ಶುದ್ಧವಾಗಿದೆ, ಇಷ್ಟು ಶುದ್ಧವಾಗಿ ಬರೆಯುವ ಸಾಮರ್ಥ್ಯ ಅರ್ಜಿದಾರರಿಗೆ ಇಲ್ಲವಾದ್ದರಿಂದ ಇದು ಅವರ ಸ್ವಂತ ಬರವಣಿಗೆಯಲ್ಲವೆಂದು ತೀರ್ಮಾನಿಸಲಾಗಿದೆ, ಬೇಕಾದರೆ ಶುಕ್ರವಾರದೊಳಗೆ ಹೊಸ ಅರ್ಜಿ ಸಲ್ಲಿಸಬಹುದು. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಚಿಕ್ಕಮ್ಮ ಆ ಆಸ್ಪತ್ರೆಯ ಲಿನನ್ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಒಗೆದು ಬಂದ ಹಾಸು, ಹೊದಿಕೆ, ಆಪರೇಷನ್ ಗೌನುಗಳನ್ನು ಮಡಿಸಿ, ಹರಿದದ್ದನ್ನು ಬೇರೆ ತೆಗೆದು, ವಾರ್ಡುಗಳಿಗೆ ಕಳಿಸುವ ಕೋಣೆ ಅದು. ಕಣ್ಣು ಕಟ್ಟಿ ಒಳಗೆ ಬಿಟ್ಟರೂ ಯಾವ ದಿಂಬಿನ ಚೀಲ ಎಲ್ಲಿದೆ ಎಂದು ಹೇಳಬಲ್ಲಳು. ಇಪ್ಪತ್ತೆರಡು ವರ್ಷ ನಿಂತೇ ಮಡಿಸಿದ್ದರಿಂದ ಅವಳ ಮೊಣಕಾಲು ಎರಡೂ ಕೈಕೊಟ್ಟಿವೆ. ನಿಲ್ಲುವ ಕೆಲಸ ಇನ್ನು ಆಗದು ಎಂದು ಅದೇ ಆಸ್ಪತ್ರೆಯ ಡಾಕ್ಟರು ಹೇಳಿಯಾಗಿದೆ. ಲಿನನ್ ರೂಮಿನಲ್ಲಿ ಇರುವುದು ಒಂದೇ ಕುರ್ಚಿ, ಅದು ಸೂಪರ್‌ವೈಸರರದ್ದು. ಸೂಪರ್‌ವೈಸರ್ ಮೇಡಂ ಮೂರು ತಿಂಗಳ ಹಿಂದೆ ನಿವೃತ್ತರಾಗಿದ್ದರು. ಆ ಕುರ್ಚಿ ಸಿಕ್ಕರೆ ಚಿಕ್ಕಮ್ಮನಿಗೆ ಇನ್ನು ನಾಲ್ಕು ವರ್ಷದ ಕೆಲಸ, ಸಿಗದಿದ್ದರೆ ಮನೆ.

ಆ ಜಾಗಕ್ಕೆ ಇದ್ದದ್ದು ಒಂದೇ ಷರತ್ತು. ಯಾವ ಬಟ್ಟೆ ಯಾವ ವಾರ್ಡಿನಲ್ಲಿದೆ, ಯಾವುದು ಒಗೆಯಲು ಹೋಗಿದೆ, ಯಾವುದು ಹರಿದಿದೆ ಎಂಬ ವರದಿಯನ್ನು ದಿನವೂ ಬೆಳಗ್ಗೆ ಇಂಗ್ಲಿಷಿನಲ್ಲಿ ಬರೆಯಲು ಬರಬೇಕು. ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಒಂಬತ್ತು ವರ್ಷದ ಹಿಂದೆ ಮೇಡಂ ಒಂದು ದಿನ ಕನ್ನಡಕ ಮರೆತು ಬಂದರು, ಇವತ್ತೊಂದು ದಿನ ನೀನೇ ಬರಿ ಎಂದರು. ಮರುದಿನ ಕನ್ನಡಕ ಬಂತು, ಪೆನ್ನು ಮಾತ್ರ ವಾಪಸು ಹೋಗಲಿಲ್ಲ. ಅಂದಿನಿಂದ ವರದಿ ಚಿಕ್ಕಮ್ಮನದು, ರುಜು ಮೇಡಂ ಅವರದು. ಮೇಡಂ ಹೋದ ಮೇಲೂ ಚಿಕ್ಕಮ್ಮ ಬರೆಯುತ್ತಲೇ ಇದ್ದಳು, ರುಜುವಿನ ಜಾಗ ಖಾಲಿ ಬಿಟ್ಟು. ಹೆಡ್ ಕ್ಲರ್ಕು ಅದನ್ನು ಬೆಳಗ್ಗೆ ಒಂಬತ್ತಕ್ಕೆ ಆಡಳಿತಾಧಿಕಾರಿಯ ಮೇಜಿನ ಮೇಲೆ ಇಡುತ್ತಿದ್ದರು. ಅದನ್ನು ಯಾರು ಬರೆಯುತ್ತಾರೆ ಎಂದು ಆ ಪುಣ್ಯಾತ್ಮ ಅಧಿಕಾರಿ ಒಂದು ದಿನವೂ ಕೇಳಿದವರಲ್ಲ.

ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಹದಿನೈದು ವರ್ಷದಿಂದ ಕೆಂಪು ಪೆನ್ನು ಹಿಡಿದು ದೊಡ್ಡ ದೊಡ್ಡ ಪದವಿಯವರ ಇಂಗ್ಲಿಷ್ ತಿದ್ದುತ್ತಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಕೋಣೆಯಲ್ಲಿ, ರಸ್ತೆಯಲ್ಲಿ, ಬಾಗಿಲಲ್ಲಿ ಎಂದು ನಾವು ಒಂದೇ ‘ಅಲ್ಲಿ’ಯಿಂದ ಸಂಸಾರ ತೂಗಿಸುತ್ತೇವೆ. ಇಂಗ್ಲಿಷಿನವರಿಗೆ ಕೋಣೆಗೆ ಇನ್, ರಸ್ತೆಗೆ ಆನ್, ಬಾಗಿಲಿಗೆ ಅಟ್. ಯಾಕೆ ಎಂದು ಕೇಳಿದರೆ ನಾನು ರೂಢಿ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ಚಿಕ್ಕಮ್ಮ ಅರ್ಜಿ ಹಿಡಿದು ನಮ್ಮ ಮನೆಗೆ ಬಂದಳು. “ಒಂದ್ಸಲ ಕಣ್ಣಾಡಿಸು ಪುಟ್ಟಿ,” ಎಂದಳು. ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತೆ. ಒಂದು ಪುಟ ಓದಿ ಮುಗಿಸಿದೆ, ಪೆನ್ನಿಗೆ ಕೆಲಸವೇ ಬರಲಿಲ್ಲ. ಮತ್ತೊಮ್ಮೆ ಓದಿದೆ. ಆಮೇಲೆ ನಗುತ್ತಾ ಕೇಳಿದೆ, “ಚೆನ್ನಾಗಿದೆ ಚಿಕ್ಕಮ್ಮ, ಯಾರ ಹತ್ರ ಬರೆಸಿದೆ?” ಚಿಕ್ಕಮ್ಮ ಕಾಗದ ಮಡಿಸಿದಳು. “ತಪ್ಪಿಲ್ಲ ತಾನೇ, ಸಾಕು ಬಿಡು,” ಎಂದು ಚಹಾ ಕುಡಿದು ಹೊರಟಳು. ನಾನು ಅದನ್ನು ಮರೆತೂಬಿಟ್ಟೆ.

ತಿರಸ್ಕಾರದ ಪತ್ರ ಬಂದದ್ದು ಅದಾದ ಎಂಟು ದಿನಕ್ಕೆ. ನಾನು ರಜೆ ಹಾಕಿ ಚಿಕ್ಕಮ್ಮನ ಜೊತೆ ಆಸ್ಪತ್ರೆಯ ಕಚೇರಿಗೆ ಹೋದೆ. ಹೆಡ್ ಕ್ಲರ್ಕು ಒಳ್ಳೆಯ ಮನುಷ್ಯ. ಒಳ್ಳೆಯವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದರು, “ಅಮ್ಮಾ, ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಅದೇ ಅರ್ಜೀನ ಇನ್ನೊಂದ್ಸಲ ಬರೀರಿ. ನಾಕೈದು ತಪ್ಪು ಹಾಕಿ. ಇನ್ ಇರೋ ಕಡೆ ಆನ್, ಆನ್ ಇರೋ ಕಡೆ ಅಟ್. ಸಾಹೇಬರು ಓದಿ, ಹಾಂ, ಇದು ನಿಮ್ಮದೇ ಅಂತ ರುಜು ಹಾಕ್ತಾರೆ.”

“ದಿನಾ ವರದಿ ಬರೆಯೋದು ಇವರೇ ಅಂತ ನಿಮಗೆ ಗೊತ್ತಲ್ಲ. ಅದನ್ನ ಹೇಳ್ಬಹುದಲ್ಲ,” ಎಂದೆ.

“ನನ್ನನ್ನ ಯಾರು ಕೇಳ್ತಾರೆ,” ಎಂದು ಅವರು ಕಡತಕ್ಕೆ ದಾರ ಕಟ್ಟಲು ಶುರುಮಾಡಿದರು.

ದಾರಿಯುದ್ದಕ್ಕೂ ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ತಪ್ಪು ಬರೆದವರನ್ನು ಫೇಲು ಮಾಡುವುದನ್ನು ಕಂಡಿದ್ದೆ, ಸರಿ ಬರೆದವರನ್ನು ಕಳ್ಳರೆನ್ನುವುದನ್ನು ಕಂಡಿರಲಿಲ್ಲ. ಕೋಟು ಹಾಕಿಕೊಂಡವರು ಸರಿಯಾಗಿ ಬರೆದರೆ ವಿದ್ಯಾವಂತರು, ಏಪ್ರನ್ನು ಕಟ್ಟಿದವಳು ಬರೆದರೆ ಬೇರೆಯವರ ಕೈವಾಡ. ಚಿಕ್ಕಮ್ಮ ಮಾತ್ರ ಮೊಣಕಾಲು ಹಿಡಿದುಕೊಂಡು ನಿಧಾನ ನಡೆಯುತ್ತಿದ್ದಳು.

ಆದರೂ ಶುಕ್ರವಾರ ಹತ್ತಿರವಿತ್ತು, ಕುರ್ಚಿ ಬೇಕಿತ್ತು. ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಅರ್ಜಿಯ ನಕಲು ಹರಡಿಕೊಂಡು ಕೂತೆ. ಜೀವಮಾನವಿಡೀ ತಪ್ಪು ತೆಗೆದ ಪೆನ್ನಿನಿಂದ ತಪ್ಪು ಹಾಕತೊಡಗಿದೆ. ಹೇಳಲು ನಾಚಿಕೆಯಾಗುತ್ತದೆ, ನನ್ನ ಕೈ ಸಲೀಸಾಗಿ ಓಡಿತು. ಹೆಚ್ಚು ಓದದವರು ಎಲ್ಲಿ ಎಡವುತ್ತಾರೆ ಎಂದು ನನಗೆ ಬಾಯಿಪಾಠ. ಎಲ್ಲೂ ಅತಿಯಾಗದಂತೆ ಐದು ಕಡೆ ಕೆಡಿಸಿ, “ಇದನ್ನ ನಿನ್ನ ಕೈಯಲ್ಲಿ ಬರಿ,” ಎಂದು ಅವಳ ಮುಂದಿಟ್ಟೆ.

ಚಿಕ್ಕಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

“ಚೆನ್ನಾಗಿ ಕೆಡಿಸಿದೀಯ. ಯಾರು ನೋಡಿದ್ರೂ ನಾನೇ ಬರೆದಿದ್ದು ಅಂತಾರೆ,” ಎಂದಳು.

“ನಾನೇನು ಮಾಡ್ಲಿ ಚಿಕ್ಕಮ್ಮ. ಆ ಮನುಷ್ಯನ ತಲೆಯಲ್ಲಿ ಮಣ್ಣಿದೆ.”

“ಆ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ ಪುಟ್ಟಿ. ನಾನು ಯಾರು ಅಂತ ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ನೀನೂ ಅದನ್ನೇ ಕೇಳ್ದೆ.”

ಆ ಭಾನುವಾರದ ನನ್ನ ನಗು, ಯಾರ ಹತ್ರ ಬರೆಸಿದೆ ಎಂಬ ಪ್ರಶ್ನೆ ನೆನಪಾಯಿತು. ವರದಿ ಬರೆಯುವವಳು ಇವಳೇ ಎಂದು ಗೊತ್ತಿದ್ದೂ ಅದನ್ನು ಬಟ್ಟೆ ಎಣಿಸುವ ಪಟ್ಟಿ ಎಂದುಕೊಂಡಿದ್ದೆನೇ ಹೊರತು ಬರವಣಿಗೆ ಎಂದುಕೊಂಡಿರಲಿಲ್ಲ. ಅಷ್ಟು ಹೊತ್ತೂ ಆಡಳಿತಾಧಿಕಾರಿಗೆ ಬೈದ ಮಾತುಗಳೆಲ್ಲ ಒಂದೊಂದಾಗಿ ವಾಪಸು ಬಂದವು.

ನಾನು ಪೆನ್ನು ಪಕ್ಕಕ್ಕಿಟ್ಟು ಕೇಳಿದೆ, “ಹೇಗೆ ಕಲಿತೆ?”

“ಬಟ್ಟೆ ಇಟ್ಟು ಕಲಿತೆ,” ಎಂದಳು. “ಬೀರುವಿಗೆ ಬಾಗಿಲಿದೆ, ಹಾಕಿದ್ದು ಒಳಗಿರುತ್ತೆ, ಅದಕ್ಕೆ ಇನ್. ಹಲಗೆಗೆ ಬಾಗಿಲಿಲ್ಲ, ಮೇಲಿರುತ್ತೆ, ಅದಕ್ಕೆ ಆನ್. ಬಟ್ಟೆ ಕೊಡೋ ಕಿಟಕಿ ಇದೆಯಲ್ಲ, ಅಲ್ಲಿ ಏನೂ ಇಡಲ್ಲ, ಬಂದು ನಿಂತ್ಕೋತಾರೆ ಅಷ್ಟೇ, ಅದಕ್ಕೆ ಅಟ್. ಹೊತ್ತೂ ಹಾಗೇ. ತಿಂಗಳು ಬೀರು, ದಿನ ಹಲಗೆ, ಗಂಟೆ ಕಿಟಕಿ.” ಹೇಳುವಾಗ ಅವಳ ಕೈ ಗಾಳಿಯಲ್ಲೇ ಮಡಿಸಿದ ಬಟ್ಟೆಯನ್ನು ಎತ್ತಿ ಇಡುತ್ತಿತ್ತು. ಇನ್ ಜೂನ್, ಆನ್ ಮಂಡೇ, ಅಟ್ ನೈನ್ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಹದಿನೈದು ವರ್ಷದಲ್ಲಿ ಅದು ನನಗೆ ಅಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ.

ನಾನು ಕೆಡಿಸಿದ ಹಾಳೆಯನ್ನು ಅವಳು ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಮೇಜಿನ ಕಾಲ ಕೆಳಗೆ ತುರುಕಿದಳು. ಮರುದಿನ ಬೆಳಗ್ಗೆ ಲಿನನ್ ರೂಮಿನಲ್ಲಿ ಎಲ್ಲ ಕೆಲಸ ಮಾಡಿದಳು, ವರದಿ ಬರೆಯಲಿಲ್ಲ. ಅದರ ಮರುದಿನವೂ ಬರೆಯಲಿಲ್ಲ. ಯಾವ ವಾರ್ಡಿಗೆ ಏನು ಹೋಗಿದೆ ಎಂದು ಕಚೇರಿಯಲ್ಲಿ ಯಾರಿಗೂ ತಿಳಿಯದೆ ಗೊಂದಲವಾಯಿತು. ಶುಕ್ರವಾರ ಬೆಳಗ್ಗೆ ಆಡಳಿತಾಧಿಕಾರಿಯಿಂದ ಕರೆ ಬಂತು. ನಾನೂ ಜೊತೆಗೆ ಹೋದೆ.

ಕೋಣೆ ದೊಡ್ಡದು, ಮೇಜಿನ ಮೇಲೆ ಕಡತ, ಕಾಗದ, ಊಟದ ಡಬ್ಬಿ, ನೀರಿನ ಲೋಟ. ಅವರು ನಮಗೆ ಕೂರಲು ಹೇಳಲಿಲ್ಲ.

“ಎರಡು ದಿನದಿಂದ ಲಿನನ್ ವರದಿ ಬಂದಿಲ್ಲ. ಅಲ್ಲಿ ಯಾರಿದೀರಿ?”

“ನಾನೇ ಸರ್.”

“ಮತ್ತೆ ಯಾಕೆ ಬಂದಿಲ್ಲ?”

ಚಿಕ್ಕಮ್ಮ ತಿರಸ್ಕಾರದ ಪತ್ರವನ್ನು ಮೇಜಿನ ಮೇಲಿಟ್ಟಳು. “ನನಗೆ ಇಂಗ್ಲಿಷ್ ಬರೆಯೋಕೆ ಬರಲ್ಲ ಅಂತ ನೀವೇ ಬರೆದುಕೊಟ್ಟಿದೀರಿ ಸರ್. ಬರದೇ ಇರೋದನ್ನ ಬರೆಯೋದು ತಪ್ಪಲ್ವಾ.”

ಅವರು ಪಕ್ಕದಲ್ಲಿ ನಿಂತಿದ್ದ ಹೆಡ್ ಕ್ಲರ್ಕ್ ಕಡೆ ತಿರುಗಿದರು. “ಹಾಗಾದ್ರೆ ಮೂರು ತಿಂಗಳಿಂದ ಯಾರು ಬರೀತಿದ್ರು?”

“ಇವರೇ ಸರ್. ಅದಕ್ಕೂ ಮುಂಚೆ ಒಂಬತ್ತು ವರ್ಷ ಇವರೇ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ ಸರ್,” ಎಂದರು ಹೆಡ್ ಕ್ಲರ್ಕು, ಫ್ಯಾನು ನೋಡುತ್ತಾ.

ಆಗ ಆಡಳಿತಾಧಿಕಾರಿಯ ಕಣ್ಣು ನನ್ನ ಮೇಲೆ ಬಿತ್ತು. ಯಾರು, ಏನು ಕೆಲಸ ಎಂದು ಕೇಳಿದರು. ಇವರ ಅಕ್ಕನ ಮಗಳು, ಇಂಗ್ಲಿಷ್ ಪ್ರೂಫ್ ನೋಡುತ್ತೇನೆ ಎಂದೆ. ಅವರ ಮುಖ ಅರಳಿತು, ಕಳ್ಳನನ್ನು ಹಿಡಿದವರಂತೆ ನನ್ನನ್ನು ನೋಡಿ, “ನೀವು ಹೊರಗೆ ಕೂತಿರಿ,” ಎಂದರು. ನಾಲಿಗೆಯ ತುದಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದೆ. ಚಿಕ್ಕಮ್ಮ ನನ್ನ ಕೈ ಮುಟ್ಟಿ, “ಹೋಗು,” ಎಂದಳು. ಬಾಗಿಲು ಮುಚ್ಚುವಾಗ ಅವರ ದನಿ ಕೇಳಿಸಿತು: “ಈ ರೂಮಲ್ಲಿ ಏನೇನು ಎಲ್ಲೆಲ್ಲಿದೆ, ಹತ್ತು ಸಾಲು ಬರೀರಿ, ಇಲ್ಲೇ, ನನ್ನೆದುರಿಗೆ.”

ಬಾಗಿಲಿಗೆ ಗಾಜಿತ್ತು. ಕೊನೆಗೂ ಹೆಡ್ ಕ್ಲರ್ಕು ಒಂದು ಕುರ್ಚಿ ಎಳೆದು ಕೊಟ್ಟರು, ಚಿಕ್ಕಮ್ಮ ಕೂತಳು. ಕೂಡಲೇ ಬರೆಯಲಿಲ್ಲ. ಗೋಡೆ, ಕಪಾಟು, ಬಾಗಿಲ ಹಿಂಬದಿ, ಮೇಜು, ಎಲ್ಲವನ್ನೂ ಒಂದು ಸುತ್ತು ನೋಡಿದಳು. ಎಡಗೈ ಮಡಿಲಲ್ಲಿ ಮೆಲ್ಲಗೆ ಏನನ್ನೋ ಎತ್ತಿ ಇಡುತ್ತಿತ್ತು. ಆಮೇಲೆ ತಲೆ ಬಗ್ಗಿಸಿ ಬರೆದಳು, ಎಲ್ಲೂ ಹೊಡೆದುಹಾಕಲಿಲ್ಲ.

ಆಡಳಿತಾಧಿಕಾರಿ ಕೆಂಪು ಪೆನ್ನು ಬಿಚ್ಚಿಕೊಂಡು ಓದಲು ಕೂತರು. ಪೆನ್ನು ಒಂದೆರಡು ಸಲ ಹಾಳೆಯ ಹತ್ತಿರ ಬಂದು ಹಿಂದೆ ಹೋಯಿತು. ಕೊನೆಯ ಸಾಲಿಗೆ ಬಂದವರು ತಡೆದು ಮೇಜು ನೋಡಿದರು. ಊಟದ ಡಬ್ಬಿ ಎತ್ತಿದರು. ಅದರ ಕೆಳಗೆ ಒಂದು ಹಾಳೆಯಿತ್ತು, ನಡುವೆ ಎಣ್ಣೆಯ ದುಂಡು ಗುರುತು. ದೂರದಿಂದಲೇ ನನಗೆ ಚಿಕ್ಕಮ್ಮನ ಅಕ್ಷರದ ಗುರುತು ಹತ್ತಿತು. ಇಪ್ಪತ್ತೆರಡು ವರ್ಷ ಸೇವೆ ಮಾಡಿದವಳ ಅರ್ಜಿ ತಮ್ಮ ಊಟದ ಡಬ್ಬಿಯ ಕೆಳಗಿದೆ ಎಂಬುದು ಹತ್ತನೆಯ ಸಾಲು ಎಂದು ಹೆಡ್ ಕ್ಲರ್ಕು ಆಮೇಲೆ ಹೇಳಿದರು. ಆಡಳಿತಾಧಿಕಾರಿ ಆ ಹಾಳೆಯನ್ನು ಕರವಸ್ತ್ರದಿಂದ ಒರೆಸಲು ನೋಡಿದರು, ಎಣ್ಣೆ ಹೋಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಬೇರೆ ಪೆನ್ನು ತೆಗೆದು, ಆ ಎಣ್ಣೆ ಹಾಳೆಯ ಮೇಲೆಯೇ ರುಜು ಹಾಕಿದರು. ತಪ್ಪಾಯಿತು ಎಂದೇನೂ ಅವರು ಹೇಳಲಿಲ್ಲವಂತೆ.

ಚಿಕ್ಕಮ್ಮ ಹೊರಗೆ ಬಂದಾಗ ಕೈಯಲ್ಲಿ ಆ ಹತ್ತು ಸಾಲಿನ ಹಾಳೆಯಿತ್ತು. ಸೋಮವಾರದಿಂದ ಕುರ್ಚಿ ಅವಳದು ಎಂದಳು. ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಅಭ್ಯಾಸದಂತೆ ಕೈ ಚಾಚಿದೆ. “ಕೊಡು, ಒಂದ್ಸಲ ನೋಡ್ತೀನಿ.”

“ನೋಡೋದೇನೂ ಬೇಡ, ಸರಿಯಾಗೇ ಇದೆ,” ಎಂದು ಚಿಕ್ಕಮ್ಮ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.