ಖಾಜಿಯ ಮೌನ

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಕೆಳಗೆ ಹೆಗಲು ಕೊಟ್ಟವರು ಎಡಕ್ಕೆ ಎಳೆದರು, ಮೇಲಿನವರು ಬಲಕ್ಕೆ. ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

"ನೋಡ್ರಪ್ಪಾ, ಇಲ್ಲೂ ನಿಂತ್ಕೊಂಡ!" ಎಂದ ಹಿಲ್ಮಿ, ಏದುಸಿರು ಬಿಡುತ್ತ. "ಮುಂದಿನ ಮಾತು ಮರೆತುಹೋಯ್ತೋ ಏನೋ."

ಯಾರೋ ಕಿಸಕ್ಕನೆ ನಕ್ಕರು, ನಕ್ಕದ್ದನ್ನು ಮುಚ್ಚಲು ಕೆಮ್ಮಿದರು. ಮೇಲೆ ಬಾಗಿಲಲ್ಲಿ ನಿಂತಿದ್ದ ನಗ್ಲಾಳಿಗೆ ಎರಡೂ ಕೇಳಿಸಿದವು. ಅಪ್ಪನ ಹೆಣ ಇನ್ನೂ ಬೀದಿ ಮುಟ್ಟಿಲ್ಲ, ಆಗಲೇ ಶುರುವಾಯಿತು.

"ಹಿಲ್ಮಿ ಮಾಮ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ."

"ನಾನೇನಂದೆ ಮಗಳೇ? ಇಷ್ಟು ವರ್ಷದಿಂದ ಅನ್ನೋದನ್ನೇ ಅಂದೆ."

"ಕಾಲಿನ ಕಡೆ ಎತ್ತಿ," ಎಂದು ಕೆಳಗಿನಿಂದ ಒಂದು ಪಿಸುಮಾತು ಬಂತು. ಕೋಲೂರಿ ನಿಂತಿದ್ದ ಮುದುಕ ಶಹಾತಾ ಹೇಳಿದ್ದು. ಒಂದು ಕಾಲಕ್ಕೆ ಅವನು ರಂಗದ ಮುಂದಿನ ಗೂಡಿನಲ್ಲಿ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಅದನ್ನು ಎತ್ತಿಕೊಡುತ್ತಿದ್ದವನು. ಅವನ ಪಿಸುಮಾತು ಈಗಲೂ ಮೂರನೇ ಮಹಡಿಗೆ ಕೇಳುತ್ತದೆ. ಎತ್ತಿದರು, ಪೆಟ್ಟಿಗೆ ಸಲೀಸಾಗಿ ಇಳಿಯಿತು.

ನಗ್ಲಾಳ ಅಪ್ಪ ಫಖ್ರಿ ಬದುಕಿದ್ದಷ್ಟು ಕಾಲವೂ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಹತ್ತಿಯ ಮೂಟೆ ತೂಗಿಸುವ ಗುಮಾಸ್ತ. ಅಂಥವರು ಬೀದಿಗೊಬ್ಬರು. ಆದರೆ ನೌಕರರ ಸಂಘದ ನಾಟಕದಲ್ಲಿ ಒಮ್ಮೆ ತೀರ್ಪು ಕೊಡುವ ಖಾಜಿಯ ಪಾತ್ರ ಮಾಡಿದ್ದ. ಆಮೇಲಿನ ಬದುಕೆಲ್ಲ ಅದರ ಮೇಲೇ ನಿಂತಿತ್ತು. ಕಾಫಿ ಅಂಗಡಿಯಲ್ಲಿ ಅವನು ಬಂದರೆ ಹುಡುಗರು ಕುರ್ಚಿ ಬಿಡುತ್ತಿದ್ದರು. ನಗ್ಲಾಳನ್ನು ನೋಡಲು ಬಂದ ಗಂಡಿನ ಕಡೆಯವರು "ಓ, ಆ ಖಾಜಿಯ ಮಗಳಾ!" ಎಂದೇ ಒಪ್ಪಿದ್ದರು. ರಂಗದ ಮೇಲಿನ ಆ ಖಾಜಿಯ ಮೌನ ಬರೀ ಮರೆವಾಗಿದ್ದರೆ ಅಪ್ಪ ಅಂತ ಉಳಿಯುವುದೇನು? ಬರೀ ಹತ್ತಿ ಮೂಟೆ.

*

ಆ ನಾಟಕದಲ್ಲಿ ಖಾಜಿಯ ಮುಂದೆ ಸಂಕೋಲೆ ತೊಟ್ಟು ನಿಂತ ಕಳ್ಳ ಅವನ ಒಡಹುಟ್ಟಿದ ತಮ್ಮ. ಆ ವೇಷ ಹಿಲ್ಮಿಯದು. ಖಾಜಿ ಎದ್ದು, "ಬಾಗಿಲು ತೆಗೆಯಿರಿ. ಹೋಗಲಿ ಬಿಡಿ ಅವನನ್ನು" ಎನ್ನಬೇಕು. ಅದರ ಹಿಂದೆಯೇ ತಮ್ಮನ ಉದ್ದನೆಯ ಭಾಷಣ. ಹಿಲ್ಮಿ ಅದನ್ನು ಸಮುದ್ರದ ದಂಡೆಯಲ್ಲಿ ಕೂಗಿ ಕೂಗಿ ಬಾಯಿಪಾಠ ಮಾಡಿದ್ದ.

ಪುಟ್ಟ ನಗ್ಲಾ ಮುಂದಿನ ಸಾಲಿನಲ್ಲಿ ಅಮ್ಮನ ಮಡಿಲಲ್ಲಿದ್ದಳು. ಖಾಜಿ ಎದ್ದ. ಬಾಯಿ ತೆರೆದ. ಮಾತು ಬರಲಿಲ್ಲ. ಕಲ್ಲಂಗಡಿ ಬೀಜ ಕಚ್ಚುತ್ತಿದ್ದವರು ಹಲ್ಲು ನಿಲ್ಲಿಸಿದರು. ಅಮ್ಮ ಅಳುತ್ತಿದ್ದಳು. ನಗ್ಲಾಳಿಗೆ ನೆನಪಿರುವುದು ಅಪ್ಪನ ಮುಖ, ಮತ್ತೆ ಕೈ: ಹೆಬ್ಬೆರಳು ಬೆಳ್ಳಿಯುಂಗುರವನ್ನು ಉಜ್ಜುತ್ತಿತ್ತು, ಉಜ್ಜುತ್ತಲೇ ಇತ್ತು. ಕೊನೆಗೆ ಖಾಜಿ ಪೇಟ ತೆಗೆದು ಮೇಜಿನ ಮೇಲಿಟ್ಟು, ತಮ್ಮನ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಪರದೆ ಬಿತ್ತು.

ಜನ ಹುಚ್ಚೆದ್ದು ಹೋದರು. ಇಂಥ ಮೌನವನ್ನು ಈ ಊರು ಕೇಳಿರಲಿಲ್ಲ ಎಂದು ಪತ್ರಿಕೆ ಬರೆಯಿತು. ಮುಂದೆ ಪ್ರತಿ ಪ್ರದರ್ಶನದಲ್ಲೂ ಅದೇ ಮೌನ, ಅದೇ ಪೇಟ. ಹಿಲ್ಮಿಯ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಆ ನಾಟಕ ಮುಗಿದ ಮೇಲೆ ಫಖ್ರಿ ಮತ್ತೆಂದೂ ಬಣ್ಣ ಹಚ್ಚಲಿಲ್ಲ.

*

"ಅದನ್ನೇ ನಾನು ಕೇಳೋದು," ಎಂದ ಹಿಲ್ಮಿ ಖಬರಸ್ತಾನದಲ್ಲಿ, ಪಕ್ಕದ ಗೋರಿಯ ಕಟ್ಟೆಯ ಮೇಲೆ ಕೂತು. ಹೆಣವನ್ನು ಗೋರಿಯ ಕೆಳಗಿನ ನೆಲಮಾಳಿಗೆಗೆ ಇಳಿಸಿಯಾಗಿತ್ತು. ಗೋರಿ ಕಾಯುವವನು ಅದರ ಬಾಗಿಲಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದ. "ಅಷ್ಟು ದೊಡ್ಡ ನಟ ಯಾಕಮ್ಮಾ ಮತ್ತೆ ವೇಷ ಕಟ್ಟಲಿಲ್ಲ? ನಮ್ಮಲ್ಲಿ ಮಾತು ಮರೆತರೆ ಗೂಡಿನಲ್ಲಿರೋ ಶಹಾತಾಗೆ ಒಂದೇ ಸನ್ನೆ. ಉಂಗುರ ಇದ್ರೆ ಉಂಗುರ ಉಜ್ಜೋದು, ಇಲ್ದಿದ್ರೆ ಬರೀ ಬೆರಳು. ಆವತ್ತು ಅವನು ಉಜ್ಜಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಹೇಳಿದ್ರೆ ಹೊಟ್ಟೆಕಿಚ್ಚು ಅಂತೀರಿ."

ನಗ್ಲಾ ತನ್ನ ಕೈ ನೋಡಿಕೊಂಡಳು. ಹೆಣಕ್ಕೆ ಸ್ನಾನ ಮಾಡಿಸುವಾಗ ಬಿಚ್ಚಿ ಕೊಟ್ಟ ಉಂಗುರ ಅವಳ ನಡುಬೆರಳಲ್ಲಿ ಸಡಿಲವಾಗಿ ತಿರುಗುತ್ತಿತ್ತು. ಹಾಗಾದರೆ ಮಾತು ಎತ್ತಿಕೊಡೆಂದು ಅಪ್ಪ ಕೇಳಿದ್ದು ನಿಜ. ಕೇಳಿದ್ದರೆ ಶಹಾತಾ ಯಾಕೆ ಕೊಡಲಿಲ್ಲ? ನಿದ್ದೆ ಹೋಗಿದ್ದನೇ? ಏನಾದರೂ ಹಗೆಯೇ? ಈ ಮುದುಕ ಶುಕ್ರವಾರ ಶುಕ್ರವಾರ ಅವಳ ಮನೆಯಲ್ಲಿ ಮೀನು ತಿಂದು ಹೋಗಿದ್ದಾನೆ!

ನೇರ ಅವನ ಹತ್ತಿರ ಹೋದಳು. "ಶಹಾತಾ ಮಾಮ, ಆವತ್ತು ಮುಂದಿನ ಮಾತು ಕೊಡು ಅಂತ ಅಪ್ಪ ಕೇಳಿದ್ರಾ?"

"ನಾನು ಪುಸ್ತಕ ನೋಡ್ತಿದ್ದೆ ಮಗಳೇ. ಕೈ ನೋಡಲಿಲ್ಲ."

"ಕೈ ಅಂತ ನಾನು ಅನ್ಲೇ ಇಲ್ವಲ್ಲ."

ಶಹಾತಾ ಕೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಅಷ್ಟರಲ್ಲಿ ಗೋರಿಯ ಬಳಿ ಗದ್ದಲವೆದ್ದಿತು. ಗೋರಿಯೊಳಗೆ ದೇವದೂತರು ಬಂದು ಪ್ರಶ್ನೆ ಕೇಳುವ ಮುಂಚೆ ಸತ್ತವನಿಗೆ ಉತ್ತರ ಹೇಳಿಕೊಡುವುದು ಹಳೆಯ ವಾಡಿಕೆ. ಹೊಸದಾಗಿ ಬಂದಿದ್ದ ಎಳೆಗಡ್ಡದ ಶೇಖ್ ಒಪ್ಪುತ್ತಿಲ್ಲ.

"ಅದೆಲ್ಲ ನಿಮ್ಮ ಅಜ್ಜಂದಿರು ಸೇರಿಸಿಕೊಂಡಿದ್ದು. ದುವಾ ಮಾಡಿ, ಸಾಕು," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

"ಅಯ್ಯೋ, ಆ ಮರೆಗುಳೀನ ಹೇಳಿಕೊಡೋರಿಲ್ದೆ ಬಿಡೋದಾ?" ಎಂದ ಹಿಲ್ಮಿ. ತಮಾಷೆಗೆಂದು ಹೊರಟ ದನಿ ನಡುವೆ ಒಡೆಯಿತು. "ಏ ಶಹಾತಾ, ಕೂತ್ಕೊಳ್ಳೋ. ಇದು ನಿನ್ನ ಕೆಲಸ."

ಶಹಾತಾ ಮಣ್ಣಿನ ಮೇಲೆ ಕೂತು, ಬಾಗಿಲಿನ ಕಲ್ಲಿಗೆ ಬಾಯಿ ತಂದ. ಸತ್ತವನನ್ನು ತಾಯಿಯ ಹೆಸರು ಹಿಡಿದು ಕರೆಯಬೇಕು. ಅದು ಅವನಿಗೆ ನೆನಪಿತ್ತು. "ಬಹಿಯ್ಯಾಳ ಮಗನೇ, ಫಖ್ರಿ, ಹೆದರಬೇಡ. ನಿನ್ನ ಒಡೆಯ ಯಾರು ಅಂತಾರೆ, ಅಲ್ಲಾಹ್ ಅನ್ನು. ನಿನ್ನ ಧರ್ಮ ಯಾವುದು ಅಂತಾರೆ, ಇಸ್ಲಾಂ ಅನ್ನು..."

ನಗ್ಲಾ ಅವನ ಕಣ್ಣೆದುರಿಗೆ ಹೋಗಿ ನಿಂತಳು. ಉತ್ತರಗಳೆಲ್ಲ ಮುಗಿದವು. ಅವನು ಏಳಬೇಕೆಂದು ಕೋಲು ಹುಡುಕುವಾಗ ಅವಳು ಕೈ ಮುಂದೆ ತಂದು, ಹೆಬ್ಬೆರಳಿನಿಂದ ಉಂಗುರ ಉಜ್ಜತೊಡಗಿದಳು. ಉಜ್ಜುತ್ತಲೇ ಇದ್ದಳು.

ಶಹಾತಾ ಆ ಬೆರಳನ್ನೇ ನೋಡಿದ. ಕೋಲು ಕೈಬಿಟ್ಟ.

"ಕೇಳಿದ್ದ ಮಗಳೇ," ಎಂದ. "ಮಾತು ಎತ್ತಿಕೊಡೋಕೆ ನನಗೆ ಬಾಯೇ ಬರಲಿಲ್ಲ. ಆ ಮುಖ ನೀನೂ ನೋಡಿದ್ದೀಯಲ್ಲ."

ಆಮೇಲೆ ಮತ್ತೆ ಕಲ್ಲಿನ ಕಡೆ ಬಾಗಿ, ಮೂರು ಮಹಡಿಗೂ ಕೇಳುವ ಅದೇ ಪಿಸುಮಾತಿನಲ್ಲಿ ಹೇಳಿದ: "ಬಾಗಿಲು ತೆಗೆಯಿರಿ. ಹೋಗಲಿ ಬಿಡಿ ಅವನನ್ನು."

ಗೋರಿ ಕಾಯುವವನ ಕರಣೆ ಅಲ್ಲೇ ನಿಂತಿತು. "ಏನು, ತೆಗೀಬೇಕಾ?" ಎಂದು ಗಾಬರಿಯಿಂದ ಒಬ್ಬೊಬ್ಬರ ಮುಖ ನೋಡಿದ.

ಈಗ ತಮ್ಮನ ಭಾಷಣದ ಸರದಿ. ಎಲ್ಲರೂ ಹಿಲ್ಮಿಯನ್ನು ನೋಡುತ್ತಿದ್ದರು. ಅವನು ಕಟ್ಟೆಯಿಂದ ಎದ್ದು ನೆಟ್ಟಗೆ ನಿಂತಿದ್ದ, ಬಾಯಿ ತೆರೆದಿದ್ದ. ಕೆಳಗೆ ಅವನ ಹೆಬ್ಬೆರಳು, ಉಂಗುರವಿಲ್ಲದ ಬರೀ ಬೆರಳನ್ನು ಉಜ್ಜುತ್ತಿತ್ತು.