ಕೇಳದೆ ಕಿತ್ತ ಹೂದೋಟ

ಶರತ್ಕಾಲದ ಆ ಅಪರಾಹ್ನ ಕಾನ್ಸಾಸ್‌ನ ದಿಣ್ಣೆಗಳ ಮೇಲೆ ಎಂಥ ಬೆಳಕು ಹರಡಿತ್ತು! ದಿಗಂತದಿಂದ ದಿಗಂತದವರೆಗೆ ತಾಮ್ರವರ್ಣಕ್ಕೆ ತಿರುಗಿದ ಹುಲ್ಲುಗಾವಲು, ದೀರ್ಘನಿದ್ರೆಗೆ ಸಿದ್ಧಳಾದ ಸುಂದರಿಯ ಬಿಚ್ಚಿದ ಕೇಶರಾಶಿಯಂತೆ, ಗಾಳಿಯ ಒಂದೊಂದು ಸ್ಪರ್ಶಕ್ಕೂ ಅಲೆಯಲೆಯಾಗಿ ಹೊರಳುತ್ತಿತ್ತು... ಅಕ್ಕನ ಮನೆಯಲ್ಲಿ ವಾರ ಕಳೆದು, ಆ ಚೆಲುವನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಮರಳಿದ ಆರ್ಡಿಸ್, ತನ್ನ ಮನೆಯ ಮುಂದೆ ಕಾರಿನಿಂದ ಇಳಿದವಳು ಹಾಗೆಯೇ ನಿಂತುಬಿಟ್ಟಳು.

ತೋಟವಿರಲಿಲ್ಲ!

ಹನ್ನೊಂದು ವರ್ಷಗಳ ಹಿಂದೆ, ವೈಧವ್ಯದ ಮೊದಲ ವರ್ಷ, ರೈಲುಹಳಿಯ ಬದಿಗೆ ನೇಗಿಲು ಮುಟ್ಟದೆ ಉಳಿದ ನೆಲದಲ್ಲಿ ಬೀಜ ಆಯ್ದು ತಂದು ಇಲ್ಲಿ, ಮನೆಯ ಮುಂದೆ, ಬಿತ್ತಿದ್ದಳು. ಆ ಮಣ್ಣಿನ ಸ್ವಂತ ಮಕ್ಕಳು ಆ ಕೋನ್‌ಫ್ಲವರ್ ಹೂಗಿಡಗಳು. ಜೋಲುವ ಮಸುಕುಗುಲಾಬಿ ದಳಗಳ ನಡುವೆ ಮುಳ್ಳುಮುಳ್ಳಾದ ಗುಮ್ಮಟ ಹೊತ್ತವು. ಮೂರು ವರ್ಷ ಬರೀ ಎಲೆ ತೋರಿ, ನಾಲ್ಕನೆಯ ಬೇಸಿಗೆಗೆ ಅರಳಿದಾಗ ಅವಳು ಅತ್ತಿದ್ದಳು. ಫಿಂಚ್ ಹಕ್ಕಿಗಳು ಬೀಜ ಹೆಕ್ಕಲೆಂದು ಒಣಗಿದ ಹೂತಲೆಗಳನ್ನೂ ಕತ್ತರಿಸದೆ ಬಿಡುತ್ತಿದ್ದಳು. ಈಗ ಅಲ್ಲಿ, ಅಂಗಡಿಯಿಂದ ಸುರುಳಿಯಾಗಿ ತಂದು ಹಾಸಿದ ಹುಲ್ಲು... ನಿರ್ಲಜ್ಜ ಹಸಿರು!

ಅದರ ಅಂಚಿನಲ್ಲಿ ಹಾರ್ಲನ್, ಬರುವ ವಸಂತದಲ್ಲಿ ಅವಳನ್ನು ವರಿಸಲಿದ್ದವನು, ಟೋಪಿ ಕೈಯಲ್ಲಿ ಹಿಡಿದು ನಗುತ್ತಿದ್ದ.

"ಹೇಗಿದೆ? ನೀವು ಬರೋದ್ರೊಳಗೆ ಮುಗಿಸ್ಬೇಕು ಅಂತ ಬೆನ್ನು ಮುರ್ಕೊಂಡೆ."

ಬೇಲಿಯಾಚೆಯಿಂದ ನೆರೆಯಾಕೆ ಲವೋನ್ ಕೂಗಿದಳು: "ಅಂತೂ ಮನುಷ್ಯರಿರೋ ಮನೆ ಥರ ಕಾಣ್ತಿದೆ ಕಣೇ!"

"ಗಿಡಗಳೆಲ್ಲಿ?" ಎಂದಳು ಆರ್ಡಿಸ್.

"ಆ ಒಣಕಸವಾ? ಬೇರು ಸಮೇತ ಕಿತ್ತೆ. ಅಬ್ಬಾ, ಏನು ಆಳ! ಶೆಡ್ಡಿನ ಹಿಂದೆ ರಾಶಿ ಹಾಕಿದೀನಿ."

"ಯಾರನ್ನ ಕೇಳಿ?"

"ನಿಮಗೆ ಖುಷಿಯಾಗ್ಲಿ ಅಂತ..."

"ನನ್ನ ಖುಷಿ ಏನು ಅಂತ ನನ್ನನ್ನೇ ಕೇಳದೆ ತೀರ್ಮಾನ ಮಾಡೋಕೆ ನೀವ್ಯಾರು? ನಾಳೆ ನನ್ನನ್ನೂ ಹೀಗೇ ಚೊಕ್ಕಟ ಮಾಡ್ತೀರಾ?"

ಬೆರಳಿನ ಉಂಗುರ ಕಳಚಿ ಅವನ ಟೋಪಿಯೊಳಗೆ ಹಾಕಿ ಬಾಗಿಲು ಮುಚ್ಚಿಕೊಂಡಳು.

ಸಹೃದಯರೇ, ದ್ವೇಷದ ಕೊಡಲಿಗಾದರೂ ಅಡ್ಡ ನಿಲ್ಲಬಹುದು. ಉಡುಗೊರೆಯ ವೇಷದಲ್ಲಿ ಬರುವ ಗುದ್ದಲಿಗೆ ಏನೆನ್ನೋಣ! ಊರವರು ಅವಳನ್ನೇ ಹಳಿದರು: ಒಳ್ಳೆಯ ಗಂಡಸನ್ನು ಕಸಕ್ಕಾಗಿ ಕಳೆದುಕೊಂಡಳಂತೆ! ಅವಳು ಒಬ್ಬಳೇ ಆ ಹಸಿರು ಹಾಸನ್ನು ಸುಲಿದು ಎಸೆದಳು.

ಮೊದಲ ಹಿಮಕ್ಕೆ ಮುನ್ನ ಬಾಗಿಲ ಬಳಿ ಒಂದು ಕಾಗದದ ಚೀಲವಿತ್ತು. ಶೆಡ್ಡಿನ ಹಿಂದಿನ ರಾಶಿಯ ಒಣ ಹೂತಲೆಗಳನ್ನೆಲ್ಲ ಬಿಡಿಸಿ ತೆಗೆದ ಬೀಜ. ಚೀಲದ ಮೇಲೆ ಮುಳ್ಳು ತಗುಲಿದ ಬೆರಳುಗಳ ರಕ್ತದ ಕಲೆ. ಬೀಜದ ತಪ್ಪೇನು? ಬಿತ್ತಿದಳು. ಕೊಟ್ಟವನನ್ನು ಕರೆಯಲಿಲ್ಲ.

ಮೇ ತಿಂಗಳಲ್ಲಿ, ಮಳೆ ತೊಳೆದ ಮಣ್ಣಿನಲ್ಲಿ ಒರಟು ಎಲೆಗಳು ಕಣ್ತೆರೆದಾಗ, ಹಾರ್ಲನ್ ಗೇಟಿನಾಚೆ ಬಂದು ನಿಂತ.

"ಒಳಗೆ ಬರಬಹುದಾ?"

"ಬನ್ನಿ. ನನ್ನ ಕೋಪ ಹಾಗೇ ಇದೆ, ತಿಳ್ಕೊಂಡು ಬನ್ನಿ."

"ಇರ್ಲಿ. ಇರಬೇಕಾದ್ದೇ."

ಅವಳ ಪಕ್ಕ ಮಂಡಿಯೂರಿ ಕಳೆ ಕೀಳತೊಡಗಿದ. ಒಂದು ಪುಟ್ಟ ಹಸಿರಿನ ಮೇಲೆ ಅವನ ಬೆರಳುಗಳು ತಡೆದು ನಿಂತವು.

"ಆರ್ಡಿಸ್, ಇದು ಗಿಡವೋ, ಕಳೆಯೋ? ಕೀಳ್ಲಾ?"

ಅವಳು ಬಾಗಿ ನೋಡಿದಳು. ಅವನ ಮುಖವನ್ನೂ ನೋಡಿದಳು, ಶರತ್ಕಾಲದ ಬಳಿಕ ಮೊದಲ ಬಾರಿಗೆ.

"ಕಳೆ. ಕೀಳಿ," ಎಂದಳು, ಆ ದನಿಯಲ್ಲಿ ಅಲಗಿರಲಿಲ್ಲ.

ಆ ಬೇಸಿಗೆ ಮದುವೆಯಾಗಲಿಲ್ಲ; ಮರುಬೇಸಿಗೆಯೂ ಇಲ್ಲ. ಅವನು ಬರುತ್ತಿದ್ದ, ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು... ಆತ್ಮಗೌರವದ ಕ್ರೋಧ ಪ್ರೇಮದ ಹಗೆಯಲ್ಲ. ಒಲುಮೆ ಒಳಗೆ ಬರುವ ಮುನ್ನ ಬಾಗಿಲು ತಟ್ಟುವುದನ್ನು ಕಲಿಯುವವರೆಗೆ, ಆ ಕ್ರೋಧ ಹೊಸ್ತಿಲು ಕಾಯುತ್ತದೆ, ಅಷ್ಟೇ!